ಮುಂದಕ್ಕೆ ಬಾಗಿದರೆ ನೋವು: ಹಿಗ್ಗಿಸುವುದನ್ನು ಬಿಟ್ಟು ಸ್ನಾಯುಗಳನ್ನು ದುಡಿಸಿದವರ ಅನುಭವಗಳು

ಕೇಳಿದವರು: ಪ್ರೌಢಶಾಲಾ ಶಿಕ್ಷಕಿ, ಧಾರವಾಡ

ನನಗೆ 46 ವರ್ಷ. ಒಂಬತ್ತು ವರ್ಷಗಳಿಂದ ಯೋಗಾಭ್ಯಾಸ ನಡೆಸಿಕೊಂಡು ಬಂದಿದ್ದೇನೆ. ಹತ್ತು ತಿಂಗಳಿಂದ ಬಲ ಪೃಷ್ಠದ ತಳದಲ್ಲಿ, ಕುಳಿತಾಗ ನೆಲಕ್ಕೆ ಒತ್ತುವ ಮೂಳೆಯ ಬಳಿ, ಆಳದಲ್ಲಿ ನೋವಿದೆ. ಕಾಲು ಚಾಚಿ ಕುಳಿತು ಮಾಡುವ ಪಶ್ಚಿಮೋತ್ತಾನಾಸನದಲ್ಲಿ ಮುಂದಕ್ಕೆ ಬಾಗಿದಾಗಲೂ ಮರದ ಕುರ್ಚಿಯಲ್ಲಿ ಅರ್ಧ ಗಂಟೆ ಕುಳಿತಾಗಲೂ ಅದು ಹೆಚ್ಚುತ್ತದೆ. ತೊಡೆಯ ಹಿಂಬದಿಯ ಸ್ನಾಯು ಬಿಗಿಯಾಗಿದೆ, ಇನ್ನಷ್ಟು ಹಿಗ್ಗಿಸಿ ಎಂದು ತರಗತಿಯಲ್ಲಿ ಹೇಳಿದರು. ಹಿಗ್ಗಿಸಿದ ದಿನ ಹಗುರವೆನಿಸುತ್ತದೆ, ಮರುದಿನ ನೋವು ಇಮ್ಮಡಿಯಾಗುತ್ತದೆ. ಹಿಗ್ಗಿಸುವ ಬದಲು ಆಸನದೊಳಗೆ ಸ್ನಾಯುಗಳನ್ನು ಬಿಗಿಹಿಡಿದು ದುಡಿಸುವ ಕ್ರಮದಿಂದ ಗುಣ ಕಂಡವರಿದ್ದರೆ, ಏನು ಮಾಡಿದಿರಿ, ಎಷ್ಟು ಕಾಲ ಹಿಡಿಯಿತು ಎಂಬುದನ್ನು ದಯವಿಟ್ಟು ತಿಳಿಸಿ.

ಮೈಸೂರಿನಿಂದ, ನಿವೃತ್ತ ಬ್ಯಾಂಕ್ ಉದ್ಯೋಗಿ

ಮೇಡಂ, ನೀವು ಬರೆದದ್ದು ನಾಲ್ಕು ವರ್ಷದ ಹಿಂದೆ ನಾನು ವೈದ್ಯರ ಮುಂದೆ ಹೇಳಿಕೊಂಡದ್ದೇ ಆಗಿದೆ. ಆಗ ನನಗೆ 57. ನಾನೂ ಒಂದು ವರ್ಷ ಪ್ರತಿದಿನ ಹಿಗ್ಗಿಸಿದೆ, ನೋವು ಬಿಗಿತದಿಂದಲೇ ಬರುತ್ತಿದೆ ಎಂದು ನಂಬಿದ್ದೆ. ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಆ ಮೂಳೆಯ ಮೇಲೆ ಬೆರಳಿಟ್ಟು ಒತ್ತಿ, ನಂತರ ಮಲಗಿಸಿ ಹಿಮ್ಮಡಿಯೂರಿ ಸೊಂಟವನ್ನು ಎತ್ತಿಸಿ, ತೊಂದರೆ ಇರುವುದು ಸ್ನಾಯುವಿನ ನಡುವೆಯಲ್ಲ, ಅದು ಮೂಳೆಗೆ ಅಂಟುವ ಸ್ನಾಯುರಜ್ಜುವಿನಲ್ಲಿ ಎಂದು ತೋರಿಸಿಕೊಟ್ಟರು. ತೊಡೆಯ ಹಿಂಬದಿಯ ಸ್ನಾಯುಗಳು ಆ ಮೂಳೆಯಿಂದಲೇ ಹೊರಡುತ್ತವೆ. ಸೊಂಟದಿಂದ ಮುಂದಕ್ಕೆ ಆಳವಾಗಿ ಬಾಗಿದಾಗ ಆ ರಜ್ಜು ಎಳೆಯಲ್ಪಡುವುದಷ್ಟೇ ಅಲ್ಲದೆ ಮೂಳೆಯ ಅಂಚಿಗೆ ಒತ್ತಿಯೂ ಹೋಗುತ್ತದೆ. ಕೆರಳಿದ ರಜ್ಜುವಿಗೆ ಎಳೆತ ಮತ್ತು ಒತ್ತಡ ಒಟ್ಟಿಗೆ ಬೀಳುವುದೇ ಕಷ್ಟ. ಗಟ್ಟಿ ಕುರ್ಚಿಯಲ್ಲಿ ಕುಳಿತಾಗ ನೋಯುವುದಕ್ಕೂ ಇದೇ ಕಾರಣವೆಂದು ಅವರು ವಿವರಿಸಿದರು. ಹಾಗಾಗಿ ನಾನು ಶ್ರದ್ಧೆಯಿಂದ ಮಾಡುತ್ತಿದ್ದ ಆಸನವೇ ಗಾಯವನ್ನು ದಿನವೂ ಕೆದಕುತ್ತಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ಸಮಯ ಬೇಕಾಯಿತು.

ಮೊದಲ ಆರು ವಾರ ಪಶ್ಚಿಮೋತ್ತಾನಾಸನವನ್ನೂ ನಿಂತು ಮುಂದಕ್ಕೆ ಬಾಗುವ ಉತ್ತಾನಾಸನವನ್ನೂ ಪೂರ್ತಿ ನಿಲ್ಲಿಸಿದೆ. ಅವುಗಳ ಜಾಗಕ್ಕೆ ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವ ಸೇತುಬಂಧಾಸನ ಬಂತು, ಆದರೆ ಎದೆ ತೆರೆಯುವ ಉದ್ದೇಶದಿಂದ ಮಾಡುವ ರೀತಿಯಲ್ಲಲ್ಲ. ಪಾದಗಳನ್ನು ಪೃಷ್ಠದಿಂದ ಸ್ವಲ್ಪ ದೂರ ಇಟ್ಟು, ಬೆರಳುಗಳನ್ನು ಮೇಲೆತ್ತಿ, ಹಿಮ್ಮಡಿಗಳನ್ನು ನೆಲಕ್ಕೊತ್ತಿ, ಚಾಪೆಯನ್ನು ನಮ್ಮ ಕಡೆಗೆ ಎಳೆದುಕೊಳ್ಳುವವರಂತೆ ಬಲ ಹಾಕಬೇಕು. ಹಿಮ್ಮಡಿ ಜರುಗಬಾರದು, ಸೊಂಟ ಒಂದು ಗೇಣಿನಷ್ಟು ಎದ್ದರೆ ಸಾಕು. ಆಗ ತೊಡೆಯ ಹಿಂಬದಿ ಕಲ್ಲಿನಂತೆ ಗಟ್ಟಿಯಾಗುವುದು ಕೈಗೆ ತಿಳಿಯುತ್ತದೆ. ಹೀಗೆ 30ರಿಂದ 45 ಸೆಕೆಂಡು ಹಿಡಿದು, ಒಂದೆರಡು ನಿಮಿಷ ವಿರಮಿಸಿ, ಒಟ್ಟು ಐದು ಬಾರಿ. ಮೊದಲ ವಾರ ನನಗೆ 20 ಸೆಕೆಂಡಿಗೇ ಕಾಲು ನಡುಗುತ್ತಿತ್ತು. ಬಿಗಿಯಾಗಿದೆ ಎಂದುಕೊಂಡಿದ್ದ ಸ್ನಾಯು ವಾಸ್ತವದಲ್ಲಿ ಬಲವಿಲ್ಲದ ಸ್ನಾಯು ಎಂಬುದು ಆಗ ಅರ್ಥವಾಯಿತು.

ಮೂರನೆಯ ವಾರದಿಂದ, ಬೋರಲು ಮಲಗಿ ಕಾಲನ್ನು ಹಿಂದಕ್ಕೆ ಎತ್ತುವ ಶಲಭಾಸನವನ್ನು ಸೇರಿಸಿಕೊಂಡೆ, ಒಂದು ಸಲಕ್ಕೆ ಒಂದೇ ಕಾಲು. ಆರನೆಯ ವಾರದ ನಂತರ ಒಂದೇ ಕಾಲಿನ ಮೇಲೆ ಸೇತುಬಂಧ, ಅದಾದ ಮೇಲೆ ಸೊಂಟ ಎತ್ತಿಯೇ ಹಿಮ್ಮಡಿಗಳನ್ನು ಚಿಕ್ಕ ಹೆಜ್ಜೆಗಳಲ್ಲಿ ದೂರ ಸರಿಸಿ ಮತ್ತೆ ಹತ್ತಿರ ತರುವುದು, ಅನಂತರ ಕುರ್ಚಿಯಲ್ಲಿ ಕುಳಿತಂತೆ ಮಂಡಿ ಮಡಚಿ ನಿಲ್ಲುವ ಉತ್ಕಟಾಸನ. ಒಂಟಿ ಕಾಲಿನ ಮೇಲೆ ನಿಂತು ಮುಂದಕ್ಕೆ ಬಾಗುವ ವೀರಭದ್ರಾಸನದ ಮೂರನೆಯ ರೂಪದಲ್ಲಿ ಸೊಂಟ ಮಡಚಿದ ಸ್ಥಿತಿಯಲ್ಲೇ ಭಾರ ಬೀಳುವುದರಿಂದ ಅದನ್ನು ನಾಲ್ಕನೆಯ ತಿಂಗಳಿನವರೆಗೂ ಮುಟ್ಟಲಿಲ್ಲ. ಮಾಡುವಾಗ ನೋವು ಹತ್ತಕ್ಕೆ ಮೂರರ ಒಳಗಿರಬೇಕು, ಮರುದಿನ ಅದೇ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಹಿಂದಿನ ದಿನ ಮಾಡಿದ್ದು ಹೆಚ್ಚಾಯಿತೆಂದು ಒಂದು ಮೆಟ್ಟಿಲು ಕೆಳಗಿಳಿಯುತ್ತಿದ್ದೆ. ನಡುವೆ ನೆಂಟರ ಗೃಹಪ್ರವೇಶದಲ್ಲಿ ಹೋಮದ ಮುಂದೆ ಎರಡು ಗಂಟೆ ಚಕ್ಕಳಮಕ್ಕಳ ಹಾಕಿ ಕುಳಿತು ಎರಡು ವಾರದ ಗಳಿಕೆಯನ್ನು ಕಳೆದುಕೊಂಡೆ. ಒಟ್ಟು ಐದು ತಿಂಗಳು ಹಿಡಿಯಿತು. ನಡಿಗೆಯ ನೋವು ಮೊದಲು ಹೋಯಿತು, ಕುಳಿತಾಗಿನ ನೋವು ಎಲ್ಲಕ್ಕಿಂತ ಕೊನೆಗೆ.

ಇದನ್ನು ಯೋಗವಲ್ಲ, ಬರೀ ವ್ಯಾಯಾಮ ಎಂದು ನನಗೆ ಹೇಳಿದವರಿದ್ದರು. ನಾನು ಹಾಗೆ ಭಾವಿಸುವುದಿಲ್ಲ. ನಮ್ಮ ಈ ಊರಿನಲ್ಲಿಯೇ ಯೋಗಗುರು ತಿರುಮಲೈ ಕೃಷ್ಣಮಾಚಾರ್ಯರಲ್ಲಿ ಕಲಿತ, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರರು ಸುಮ್ಮನೆ ನೆಟ್ಟಗೆ ನಿಲ್ಲುವ ತಾಡಾಸನದಲ್ಲಿಯೂ ಮಂಡಿಚಿಪ್ಪನ್ನು ಮೇಲಕ್ಕೆ ಸೆಳೆದು ತೊಡೆಗಳನ್ನು ಬಿಗಿಹಿಡಿಯಬೇಕೆಂದು ಕಲಿಸಿದವರು. ಸ್ನಾಯುವನ್ನು ಎಚ್ಚರಿಸಿ ನಿಲ್ಲುವುದು ನಮ್ಮ ಪರಂಪರೆಯೊಳಗೆ ಇದ್ದೇ ಇದೆ.

ಮಂಗಳೂರಿನಿಂದ, ಫಿಸಿಯೋಥೆರಪಿಸ್ಟ್

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ಆದರೆ ಅದು ನಿಮಗೆ ಹೊಂದುವುದೇ ಎಂಬುದನ್ನು ಮೊದಲು ಪರೀಕ್ಷೆ ಮಾಡಿಸಿ ತಿಳಿದುಕೊಳ್ಳಿ, ಏಕೆಂದರೆ ಅದೇ ಜಾಗದಲ್ಲಿ ಸೊಂಟದ ನರದಿಂದಲೂ ನೋವು ಬರಬಹುದು. ನೋವು ಮಂಡಿಯಿಂದ ಕೆಳಗೂ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ, ಕೆಮ್ಮಿದಾಗ ಹೆಚ್ಚುತ್ತಿದ್ದರೆ ಬೆನ್ನನ್ನೂ ನೋಡಿಸಬೇಕು. ಪಾದ ಎತ್ತಲಾಗದಿದ್ದರೆ, ತೊಡೆಸಂದಿಯಲ್ಲಿ ಸ್ಪರ್ಶಜ್ಞಾನ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಬಿಗಿತ ಎನಿಸಿದಾಕ್ಷಣ ಸ್ನಾಯು ಗಿಡ್ಡವಾಗಿದೆ ಎಂದು ಅರ್ಥವಲ್ಲ. ವಾರಗಟ್ಟಲೆ ಹಿಗ್ಗಿಸಿದವರು ಹೆಚ್ಚು ಬಾಗುವಂತಾಗುವುದು ಬಹುಮಟ್ಟಿಗೆ ಸ್ನಾಯು ಉದ್ದವಾದುದರಿಂದಲ್ಲ, ಆ ಎಳೆತವನ್ನು ನರಮಂಡಲ ಸಹಿಸಲು ಕಲಿತದ್ದರಿಂದ. ಹಿಗ್ಗಿಸಿದ ದಿನ ನಿಮಗೆ ಹಗುರವಾಗಿ, ಮರುದಿನ ರಜ್ಜು ಕೆರಳುವುದು ಈ ಕಾರಣದಿಂದ ಅರ್ಥವಾಗುತ್ತದೆ. ಇನ್ನೊಂದು ಸಂಗತಿಯನ್ನು 1932ರಲ್ಲಿ ನೊಬೆಲ್ ಪುರಸ್ಕಾರ ಪಡೆದ ನರವಿಜ್ಞಾನಿ ಶೆರಿಂಗ್ಟನ್ ಅವರ ಸಂಶೋಧನೆ ತೋರಿಸಿಕೊಟ್ಟಿತ್ತು: ಒಂದು ಕಡೆಯ ಸ್ನಾಯು ಬಿಗಿಯುವಾಗ ಅದರ ಎದುರು ಕೆಲಸ ಮಾಡುವ ಸ್ನಾಯುವಿಗೆ ಸಡಿಲಗೊಳ್ಳುವ ಸೂಚನೆ ಬೆನ್ನುಹುರಿಯ ಮಟ್ಟದಲ್ಲಿಯೇ ಹೋಗುತ್ತದೆ. ಮುಂದೆ ನೀವು ಮತ್ತೆ ಬಾಗಲು ತೊಡಗಿದಾಗ ತೊಡೆಯ ಮುಂಬದಿಯನ್ನು ಬಿಗಿಹಿಡಿದರೆ ಹಿಂಬದಿ ತಾನಾಗಿ ಸ್ವಲ್ಪ ಬಿಟ್ಟುಕೊಡುತ್ತದೆ, ಕೈಯಿಂದ ಪಾದ ಹಿಡಿದು ಎಳೆಯುವ ಅಗತ್ಯ ಬೀಳುವುದಿಲ್ಲ. ಆದರೆ ಇದಕ್ಕೆ ಕಾಲವಿದೆ. ರಜ್ಜುವಿಗೆ ರಕ್ತಸಂಚಾರ ಕಡಿಮೆ, ಅದು ಸ್ನಾಯುವಿಗಿಂತ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಹನ್ನೆರಡು ವಾರಕ್ಕೆ ಮೊದಲು ಫಲ ನಿರ್ಣಯಿಸಬೇಡಿ.

ಬೆಂಗಳೂರಿನಿಂದ, ಭರತನಾಟ್ಯ ಕಲಾವಿದೆ

ಅಕ್ಕಾ, ನನ್ನ ದೇಹದ ಕೀಲುಗಳು ಹುಟ್ಟಿನಿಂದಲೇ ಸಡಿಲ. ಹೆಬ್ಬೆರಳು ಮುಂಗೈಗೆ ತಾಗುತ್ತದೆ, ಮಂಡಿ ಮಡಚದೆ ಅಂಗೈ ಎರಡನ್ನೂ ನೆಲಕ್ಕೂರಬಲ್ಲೆ. ಕೀಲುಗಳ ಸಡಿಲತೆಯನ್ನು ಅಳೆಯುವ ಒಂಬತ್ತು ಅಂಕಗಳ ಬೈಟನ್ ಪರೀಕ್ಷೆಯಲ್ಲಿ ನನಗೆ ಏಳು ಬಂದಿತ್ತು. ಆದರೂ ಪೃಷ್ಠವೂ ಕುತ್ತಿಗೆಯೂ ಸದಾ ಬಿಗಿ ಎನಿಸುತ್ತಿದ್ದವು, ಏಕೆಂದರೆ ಕೀಲು ಸಡಿಲವಿದ್ದಲ್ಲಿ ಸ್ನಾಯುಗಳು ಕಾವಲು ಕಾಯುತ್ತ ದಣಿಯುತ್ತವೆ. ಅಂಥ ಸ್ನಾಯುವನ್ನು ಮತ್ತೆ ಹಿಗ್ಗಿಸಿದರೆ ಕಾವಲುಗಾರನನ್ನೇ ಹೊರಗಟ್ಟಿದಂತಾಗುತ್ತದೆ. ಈಗ ನಾನು ಯಾವ ಆಸನದಲ್ಲಿಯೂ ಕೊನೆಯ ಮಿತಿಗೆ ಹೋಗುವುದಿಲ್ಲ. ಕಾಲಗಲಿಸಿ ನಿಂತು ಪಕ್ಕಕ್ಕೆ ಬಾಗುವ ತ್ರಿಕೋನಾಸನದಲ್ಲಿ ಕೈ ನೆಲ ಮುಟ್ಟುವ ಬದಲು ಮೊಣಕಾಲ ಕೆಳಗೆ ನಿಲ್ಲಿಸಿ, ಎರಡೂ ಪಾದಗಳನ್ನು ಪರಸ್ಪರ ಹತ್ತಿರ ಎಳೆಯುವಂತೆ ನೆಲಕ್ಕೊತ್ತುತ್ತೇನೆ.

ಮೈಸೂರಿನ ಹಿರಿಯರ ಒಂದು ಮಾತಿಗೆ ಮಾತ್ರ ಸೇರಿಸಬೇಕಿದೆ. ಮಂಡಿಚಿಪ್ಪನ್ನು ಮೇಲಕ್ಕೆ ಸೆಳೆಯುವುದೂ ಮಂಡಿಯನ್ನು ಹಿಂದಕ್ಕೆ ತಳ್ಳುವುದೂ ಬೇರೆ ಬೇರೆ. ನಾನು ಎರಡನ್ನೂ ಒಂದೇ ಎಂದು ತಿಳಿದು ಎರಡು ವರ್ಷ ಮಂಡಿ ನೋಯಿಸಿಕೊಂಡೆ. ಮಂಡಿಯನ್ನು ಕೂದಲೆಳೆಯಷ್ಟು ಮಡಚಿಟ್ಟು ತೊಡೆ ಬಿಗಿದರೆ ಈ ತಪ್ಪು ಆಗುವುದಿಲ್ಲ.

ತೀರ್ಥಹಳ್ಳಿಯಿಂದ, ಗೃಹಿಣಿ

ನನ್ನ ನೋವು ಸೊಂಟದ್ದು, ಆದರೂ ಒಂದು ವಿಷಯ ನಿಮಗೆ ಉಪಯೋಗವಾಗಬಹುದು. ಬೆಳಗ್ಗೆ ಎದ್ದೊಡನೆ ಬಾಗುವ ಆಸನಗಳನ್ನು ಮಾಡುತ್ತಿದ್ದೆ. ರಾತ್ರಿಯಿಡೀ ಮಲಗಿದಾಗ ಬೆನ್ನುಮೂಳೆಯ ನಡುವಿನ ಬಿಲ್ಲೆಗಳು ನೀರು ಹೀರಿ ಉಬ್ಬಿರುತ್ತವೆ, ಆಗ ಬಾಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು ಎಂದು ವೈದ್ಯರು ತಿಳಿಸಿದ ಮೇಲೆ, ಎದ್ದ ಒಂದು ಗಂಟೆಯೊಳಗೆ ಅಂಗಳ ಗುಡಿಸುವುದನ್ನೂ ಬಾಗಿ ಮಾಡುವುದಿಲ್ಲ. ಮಂಡಿಯೂರಿ ನಾಲ್ಕು ಕಾಲಿನ ಮೇಲಿದ್ದಂತೆ ನಿಂತು, ಎದುರುಬದುರು ಕೈಕಾಲು ಚಾಚಿ ಹತ್ತು ಸೆಕೆಂಡು ಹಿಡಿಯುವುದು, ಒಂದು ಪಕ್ಕಕ್ಕೆ ತಿರುಗಿ ಒಂದು ಕೈಯ ಮೇಲೆ ಮೈಯನ್ನು ಎತ್ತಿ ಹಿಡಿಯುವ ವಸಿಷ್ಠಾಸನವನ್ನು ಮಂಡಿ ಊರಿ ಮಾಡುವುದು, ಇವೆರಡೇ ನನ್ನ ಮುಖ್ಯ ಅಭ್ಯಾಸ. ಅಡಿಕೆ ಸುಲಿಯುವ ಕಾಲದಲ್ಲಿಯೂ ಈ ವರ್ಷ ಹಾಸಿಗೆ ಹಿಡಿಯಲಿಲ್ಲ.

ಒಂದು ಎಚ್ಚರ: ಬಿಗಿಹಿಡಿಯುವಾಗ ಉಸಿರು ಕಟ್ಟಬೇಡಿ. ಹಲ್ಲು ಕಚ್ಚಿ ಹೊಟ್ಟೆಯನ್ನು ದಿನವಿಡೀ ಒಳಗೆಳೆದುಕೊಂಡು ನಡೆದು ನಾನು ಕುತ್ತಿಗೆ ನೋವನ್ನೂ ತಂದುಕೊಂಡಿದ್ದೆ. ಹಿಡಿದಷ್ಟೇ ಹೊತ್ತು ಬಿಡುವುದೂ ಬೇಕು.

ಧಾರವಾಡದಿಂದ, ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನೋವು ಮಂಡಿಯ ಕೆಳಗೆ ಇಳಿಯುವುದಿಲ್ಲ, ಜೋಮೂ ಇಲ್ಲ. ಆದರೂ ಈ ವಾರವೇ ಪರೀಕ್ಷೆ ಮಾಡಿಸಿ, ನಂತರ ಸೇತುಬಂಧದಿಂದ ಆರಂಭಿಸುತ್ತೇನೆ. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ದಿನಕ್ಕೆ ಐದಾರು ಗಂಟೆ ಕುಳಿತುಕೊಳ್ಳಲೇಬೇಕು. ಅದನ್ನು ಹೇಗೆ ನಿಭಾಯಿಸಿದಿರಿ ಸರ್?

ಮೈಸೂರಿನಿಂದ

ದಪ್ಪ ದಿಂಬಿಗಿಂತ, ಟವೆಲನ್ನು ಸುತ್ತಿ ತೊಡೆಯ ಕೆಳಗೆ, ಆ ಮೂಳೆಗಿಂತ ನಾಲ್ಕು ಬೆರಳು ಮುಂದೆ ಇಟ್ಟುಕೊಂಡದ್ದು ನನಗೆ ಹೆಚ್ಚು ಅನುಕೂಲವಾಯಿತು, ಭಾರ ತೊಡೆಗೆ ಹೋಗಿ ಮೂಳೆ ಹಗುರಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ಪೃಷ್ಠವನ್ನು ಹತ್ತು ಬಾರಿ ಬಿಗಿದು ಬಿಡುತ್ತಿದ್ದೆ. ಕೆಲವು ಪತ್ರಿಕೆಗಳನ್ನು ಎತ್ತರದ ಮೇಜಿನ ಮೇಲಿಟ್ಟು ನಿಂತೇ ತಿದ್ದಲು ಸಾಧ್ಯವೇ ನೋಡಿ, ಮೇಡಂ.