ಗ್ರಿಫಿನ್, ಕೆಲ್ಪಿ, ಬೆಸಿಲಿಸ್ಕ್: ಕಾಲ್ಪನಿಕ ಲೋಕದ ಜೀವಿಗಳಿಗೆ ಜನಪದದಿಂದ ಏನು ತೆಗೆದುಕೊಳ್ಳಬೇಕು?

ಅರೆಬರೆ ನಕಾಶೆ ಕೇಳಿದ್ದು:

ಫ್ಯಾಂಟಸಿ ಕಾದಂಬರಿಗೊಂದು ಲೋಕ ಕಟ್ಟುತ್ತಿದ್ದೇನೆ. ಉತ್ತರಕ್ಕೆ ಗುಡ್ಡಸಾಲು, ನಡುವೆ ನದಿ, ದಕ್ಷಿಣಕ್ಕೆ ಒಣಭೂಮಿ. ಗುಡ್ಡಕ್ಕೆ ಸಿಂಹದ ಮೈ, ಹದ್ದಿನ ತಲೆ-ರೆಕ್ಕೆಯ ಗ್ರಿಫಿನ್, ನದಿಗೆ ನೀರುಕುದುರೆ ಕೆಲ್ಪಿ, ಒಣಭೂಮಿಗೆ ಬೆಸಿಲಿಸ್ಕ್ ಎಂಬ ವಿಷಸರ್ಪ ಎಂದು ಹಂಚಿ, ಇಡೀ ಸೀಮೆಗೆ ಒಂದು ಡ್ರ್ಯಾಗನ್ ಇಟ್ಟಿದ್ದೇನೆ. ಪ್ರತಿಯೊಂದರ ಬಣ್ಣ, ಎತ್ತರ, ಶಕ್ತಿ ಎಲ್ಲ ಬರೆದಾಗಿದೆ. ಆದರೂ ಮೃಗಾಲಯದ ಬೋರ್ಡು ಓದಿದ ಹಾಗಿದೆ, ಯಾವುದಕ್ಕೂ ಜೀವವಿಲ್ಲ.

ಮೂಲ ಕಥೆಗಳಿಂದ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬದಲಿಸಬಹುದು? ಗಾತ್ರ, ಆಹಾರದ ಲೆಕ್ಕ ಎಷ್ಟು ಬೇಕು? ಇನ್ನೊಂದು, ಗ್ರಿಫಿನ್ ಕಲ್ಪನೆ ಡೈನೋಸಾರ್ ಮೂಳೆಗಳಿಂದ ಹುಟ್ಟಿದ್ದು ಅಂತಾರಲ್ಲ, ಅದು ನಿಜವೇ?

ಕಟ್ಟೆಪುರಾಣ:

ಬಣ್ಣ, ಎತ್ತರ ಕೊನೆಗೆ ಬರೆಯಿರಿ. ಮೊದಲು ಪ್ರತಿ ಜೀವಿಗೂ ನಾಲ್ಕು ಸಾಲು ಬರೆದುಕೊಳ್ಳಿ: ಎಲ್ಲಿ ಎದುರಾಗುತ್ತದೆ, ಯಾರು ಏನು ಮಾಡಿದರೆ ಮೇಲೆ ಬೀಳುತ್ತದೆ, ಬಿಡಿಸಿಕೊಳ್ಳುವುದು ಹೇಗೆ, ಬಿಡಿಸಿಕೊಂಡವನು ತೆರಬೇಕಾದ ಬೆಲೆ ಏನು. ಹೆಚ್ಚಿನವರು ನಾಲ್ಕನೆಯ ಸಾಲನ್ನೇ ಬಿಟ್ಟುಬಿಡುತ್ತಾರೆ, ಜೀವಿ ಸಪ್ಪೆಯಾಗುವುದೂ ಅಲ್ಲೇ.

ಕೆಲ್ಪಿಯನ್ನೇ ನೋಡಿ. ಸ್ಕಾಟ್ಲೆಂಡಿನ ಕಥೆಗಳಲ್ಲಿ ಅದು ಹೊಳೆಯ ದಂಡೆಯಲ್ಲಿ ಒಂಟಿಯಾಗಿ ನಿಂತ ಚೆಂದದ ಕುದುರೆ. ಮಕ್ಕಳು ಒಬ್ಬೊಬ್ಬರಾಗಿ ಹತ್ತಿದಂತೆಲ್ಲ ಅದರ ಬೆನ್ನು ಉದ್ದವಾಗುತ್ತ ಹೋಗುತ್ತದೆ. ಮುಟ್ಟಿದ ಕೈ ಚರ್ಮಕ್ಕೆ ಅಂಟಿಕೊಂಡುಬಿಡುತ್ತದೆ. ಕೊನೆಗೆ ಎಲ್ಲರನ್ನೂ ಹೊತ್ತುಕೊಂಡು ಮಡುವಿಗೆ ಧುಮುಕುತ್ತದೆ. ಉಳಿಯುವವನು ಒಬ್ಬನೇ, ಅಂಟಿದ ಬೆರಳನ್ನು ತಾನೇ ಕತ್ತರಿಸಿಕೊಂಡ ಹುಡುಗ. ನಾಲ್ಕೂ ಸಾಲು ಇಲ್ಲಿ ಸಿಕ್ಕಿಬಿಟ್ಟವು. ಬೆನ್ನು ಉದ್ದವಾಗುವುದು ಬರೀ ಚಮತ್ಕಾರವಲ್ಲ, ‘ಎಲ್ಲರೂ ಹತ್ತಿದ್ದಾರೆ, ನಾನೂ ಹತ್ತುತ್ತೇನೆ’ ಎನ್ನುವ ಮಗುವಿಗಾಗಿಯೇ ಹೆಣೆದ ಎಚ್ಚರಿಕೆ. ಅದಕ್ಕೆ ಲಗಾಮು ಹಾಕಿದವನು ದುಡಿಸಿಕೊಳ್ಳಬಹುದು ಎಂಬ ಇನ್ನೊಂದು ಎಳೆಯೂ ಇದೆ. ಮಾರ್ಫಿ ಎಂಬಲ್ಲಿನ ಜಮೀನುದಾರ ಹಾಗೆ ಹಿಡಿದು, ಕೋಟೆಗೆ ಕಲ್ಲು ಹೊರಿಸಿ ಬಿಟ್ಟಾಗ ಅದು ಆ ಮನೆತನಕ್ಕೇ ಶಾಪ ಹಾಕಿ ಹೋಯಿತಂತೆ.

ಜಪಾನಿನ ಕಪ್ಪಾ ಕೂಡ ನೀರಿಗೆಳೆಯುವ ಜೀವಿಯೇ, ಆದರೆ ಕಟ್ಟುಪಾಡು ಪೂರ್ತಿ ಬೇರೆ. ನೆತ್ತಿಯ ಗುಳಿಯಲ್ಲಿ ನೀರಿರುವ ತನಕ ಬಲ. ನೀವು ಬಾಗಿ ನಮಸ್ಕರಿಸಿದರೆ ಮರ್ಯಾದೆಗೆ ಅದೂ ಬಾಗುತ್ತದೆ, ನೀರು ಚೆಲ್ಲಿ ನಿಶ್ಶಕ್ತವಾಗುತ್ತದೆ. ಕತ್ತರಿಸಿಹೋದ ತೋಳನ್ನು ವಾಪಸು ಪಡೆಯಲು ಮೂಳೆ ಕೂಡಿಸುವ ವಿದ್ಯೆ ಕಲಿಸಿಕೊಟ್ಟ ಕಪ್ಪಾಗಳೂ ಇವೆ. ನಿಮ್ಮ ನದಿಗೆ ಈ ಎರಡರಲ್ಲಿ ಒಂದನ್ನು ಆರಿಸಿ. ಎರಡನ್ನೂ ಬೆರೆಸಿದರೆ ಅಂಜಿಕೆ ಎಲ್ಲಿಂದ ಬರುತ್ತಿದೆ ಎಂಬುದೇ ಓದುಗನಿಗೆ ತಿಳಿಯುವುದಿಲ್ಲ.

ಬೆಸಿಲಿಸ್ಕ್ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಅದನ್ನು ಹೆಬ್ಬಾವಿಗಿಂತ ದೊಡ್ಡದು ಮಾಡುವುದು. ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿಯ ಪ್ರಕಾರ ಅದರ ಉದ್ದ ಹನ್ನೆರಡು ಬೆರಳಗಲ ಮೀರದು, ಅಂದರೆ ಹೆಚ್ಚೆಂದರೆ 22 ಸೆಂ.ಮೀ. ತಲೆಯ ಮೇಲೆ ಕಿರೀಟದಂಥ ಬಿಳಿ ಗುರುತು, ನಡು ಎತ್ತಿಕೊಂಡು ಸಾಗುತ್ತದೆ, ಉಸಿರು ತಾಗಿದರೆ ಹುಲ್ಲು ಸುಟ್ಟು ಕಲ್ಲು ಸಿಡಿಯುತ್ತದೆ. ಕುದುರೆ ಮೇಲಿಂದ ಒಬ್ಬ ಈಟಿಯಿಂದ ತಿವಿದಾಗ ವಿಷ ಈಟಿಯ ಗುಂಟ ಮೇಲೇರಿ ಸವಾರನನ್ನೂ ಕುದುರೆಯನ್ನೂ ಕೊಂದಿತು ಎಂದು ಅವನು ಬರೆಯುತ್ತಾನೆ. ಅದಕ್ಕೆ ಮದ್ದು, ಮುಂಗುಸಿಯಂತೆ ಸಪೂರ ಮೈಯ ವೀಸಲ್ ಎಂಬ ಪ್ರಾಣಿ. ಸುತ್ತಲಿನ ಸುಟ್ಟ ನೆಲದಿಂದ ಬಿಲವನ್ನು ಗುರುತಿಸಿ ವೀಸಲನ್ನು ಒಳಗೆ ಬಿಡುತ್ತಾರೆ. ಅದರ ವಾಸನೆಗೆ ಬೆಸಿಲಿಸ್ಕ್ ಸಾಯುತ್ತದೆ, ವೀಸಲೂ ಸಾಯುತ್ತದೆ. ಹುಂಜದ ಮೊಟ್ಟೆಯಿಂದ ಹುಟ್ಟುವುದು, ಹುಂಜ ಕೂಗಿದರೆ ಸಾಯುವುದು ಇವೆಲ್ಲ ಪ್ಲಿನಿಯ ನಂತರ ಸೇರಿಕೊಂಡವು.

ಬದಲಾಯಿಸಲು ಅಡ್ಡಿಯಿಲ್ಲ. ಮೈ ಹೇಗೆ ಬೇಕಾದರೂ ಬದಲಿಸಿ, ನಾಲ್ಕು ಸಾಲುಗಳಲ್ಲಿ ಮಾತ್ರ ಒಂದಕ್ಕಿಂತ ಹೆಚ್ಚು ಬದಲಿಸಬೇಡಿ. ಎರಡು ಬದಲಾದರೆ ಅದಕ್ಕೆ ಹೊಸ ಹೆಸರಿಡುವುದೇ ಒಳ್ಳೆಯದು.

ಗರಿತೂಕ:

ನಾನು ಲೆಕ್ಕದ ಕಡೆಯಿಂದ ಹೇಳುತ್ತೇನೆ. ಪ್ರಾಣಿಯ ಉದ್ದ ಎರಡು ಪಟ್ಟಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ಅಂದರೆ ರೆಕ್ಕೆಯ ಪ್ರತಿ ಚದರಡಿಯ ಮೇಲೆ ಬೀಳುವ ಭಾರ ಇಮ್ಮಡಿ. ದೊಡ್ಡ ಮೃಗಗಳಿಗೆ ಸುಮ್ಮನೆ ರೆಕ್ಕೆ ಅಂಟಿಸಲಾಗದಿರುವುದು ಇದಕ್ಕೇ. ಇಂದು ಹಾರುವ ಅತಿ ಭಾರದ ಹಕ್ಕಿಗಳು 20 ಕೆ.ಜಿ. ಆಸುಪಾಸು. ಅಳಿದುಹೋದ ಅರ್ಜೆಂಟಾವಿಸ್ ಸುಮಾರು 70 ಕೆ.ಜಿ. ಹಕ್ಕಿಯಲ್ಲದ ಕ್ವೆಟ್ಜಾಲ್‌ಕೋಟ್ಲಸ್ ಎಂಬ ಹಾರುವ ಸರೀಸೃಪಕ್ಕೆ 10 ಮೀಟರ್ ರೆಕ್ಕೆಹರವು, 200-250 ಕೆ.ಜಿ. ತೂಕ ಎಂಬ ಅಂದಾಜಿದೆ. ಗಂಡು ಸಿಂಹವೇ 190 ಕೆ.ಜಿ. ತೂಗುತ್ತದೆ. ಅದಕ್ಕೆ ರೆಕ್ಕೆ, ಮೇಲೊಬ್ಬ ಸವಾರ ಸೇರಿದರೆ ಆ ಮಿತಿಯೂ ದಾಟಿತು.

ಗ್ರಿಫಿನ್ನನ್ನು ಚಿರತೆಯಷ್ಟಕ್ಕೆ, 50-60 ಕೆ.ಜಿ.ಗೆ ಇಳಿಸಿ, ಸವಾರನನ್ನು ಕೈಬಿಡಿ. ಆ ತೂಕಕ್ಕೂ ಸಪಾಟು ನೆಲದಿಂದ ಮೇಲೇಳುವುದು ಕಷ್ಟ, ಕಡಿದಾದ ಬಂಡೆಯಿಂದ ಜಿಗಿಯಬೇಕು. ಬಿಸಿಗಾಳಿ ಏಳುವ ತನಕ ತೇಲಲಾಗದು, ಹಾಗಾಗಿ ಬೆಳಗಿನ ಜಾವ, ಮಳೆ ಹಿಡಿದ ದಿನ ಅದು ಗೂಡಿನಲ್ಲೇ. ಕಟ್ಟೆಪುರಾಣ ಹೇಳಿದ ‘ಬಿಡಿಸಿಕೊಳ್ಳುವುದು ಹೇಗೆ’ ಎಂಬ ಸಾಲು ನಿಮಗೆ ಪುಕ್ಕಟೆ ಸಿಕ್ಕಿತು.

ಡ್ರ್ಯಾಗನ್‌ಗೆ ಹೊಟ್ಟೆಯ ಲೆಕ್ಕ. ಸಸ್ತನಿ ಬೇಟೆಗಾರ ಪ್ರಾಣಿಗಳ ಮೇಲೆ 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 90 ಕೆ.ಜಿ. ಬೇಟೆಗಾರನಿಗೆ ಹಿನ್ನೆಲೆಯಲ್ಲಿ ಸುಮಾರು 10,000 ಕೆ.ಜಿ. ಬೇಟೆಯ ಪ್ರಾಣಿಗಳಿರಬೇಕು. ಅದೇ ಅನುಪಾತ ಹಿಡಿದರೆ 5 ಟನ್ ಡ್ರ್ಯಾಗನ್‌ಗೆ 550 ಟನ್, ತಲಾ 400 ಕೆ.ಜಿ.ಯಂತೆ ಸುಮಾರು 1,400 ದನ. ಹಳ್ಳಿಗಳ ನಡುವೆ ಇಂಥ ಎರಡು ಡ್ರ್ಯಾಗನ್ ಇಟ್ಟರೆ ಅಲ್ಲಿ ಹಳ್ಳಿಗಳೇ ಉಳಿಯುವುದಿಲ್ಲ. ತಣ್ಣನೆ ರಕ್ತದ ಪ್ರಾಣಿ ಎಂದುಕೊಂಡರೆ ಆಹಾರ ಹೆಚ್ಚುಕಡಿಮೆ ಹತ್ತನೇ ಒಂದಕ್ಕೆ ಇಳಿಯುತ್ತದೆ. ಆದರೆ ಆಗ ಅದು ಬಹುಪಾಲು ಹೊತ್ತು ಬಿದ್ದುಕೊಂಡೇ ಇರಬೇಕು, ಚಳಿಯಲ್ಲಿ ಮಂದವಾಗಬೇಕು. ಗುಹೆಯಲ್ಲಿ ನಿಧಿಯ ಮೇಲೆ ಮಲಗಿಯೇ ಇರುವ ಡ್ರ್ಯಾಗನ್‌ಗೆ ಇದು ಸರಿಯಾಗಿ ಒಪ್ಪುತ್ತದೆ.

ಮಸಿಕುಡಿಕೆ:

ಲೆಕ್ಕ ಸರಿ ಇದೆ, ಆದರೆ ಅದು ಲೇಖಕನ ನೋಟ್‌ಬುಕ್ಕಿನಲ್ಲಿ ಇರಲಿ, ಪುಟಕ್ಕೆ ಬರಬಾರದು. ಕಥೆಯೊಳಗಿನ ಜನ ಲೆಕ್ಕ ಹಾಕುವುದಿಲ್ಲ, ಕಂಡದ್ದಕ್ಕೆ ತಪ್ಪು ಕಾರಣ ಕಟ್ಟುತ್ತಾರೆ. ಆ ತಪ್ಪು ಕಾರಣವೇ ಜನಪದ.

ರಕ್ತಪಿಶಾಚಿಯನ್ನು ತೆಗೆದುಕೊಳ್ಳಿ. 1732ರಲ್ಲಿ ಆಸ್ಟ್ರಿಯದ ಸೇನಾ ವೈದ್ಯರು ಸರ್ಬಿಯಾದ ಹಳ್ಳಿಯೊಂದರಲ್ಲಿ ಗೋರಿ ತೆಗೆಸಿ ನೋಡಿ ವರದಿ ಬರೆದರು: ಶವ ಕೊಳೆತಿಲ್ಲ, ಒಳಗೆ ರಕ್ತ ಹಸಿಯಾಗಿದೆ, ಹಳೆ ಉಗುರು ಕಳಚಿ ಹೊಸದು ಬಂದಿದೆ. ಇಷ್ಟೂ ಕೊಳೆಯುವಿಕೆಯ ಸಹಜ ಹಂತಗಳೇ. ಒಳಗಿನ ಅನಿಲಕ್ಕೆ ಹೊಟ್ಟೆ ಉಬ್ಬುತ್ತದೆ, ಒತ್ತಡಕ್ಕೆ ಕೆಂಪು ದ್ರವ ಬಾಯಿಗೆ ಬರುತ್ತದೆ, ಮೇಲ್ಚರ್ಮ ಸುಲಿದು ಕೆಳಗಿನದು ಹೊಸದರಂತೆ ಕಾಣುತ್ತದೆ. ಹಾಗಾಗಿ ಆ ಸೀಮೆಯ ಪಿಶಾಚಿ ಬಿಳಿಚಿದ ಸುಂದರಾಂಗನಲ್ಲ. ಕೆಂಪಡರಿ ಊದಿಕೊಂಡ ರೈತ, ಮೊದಲು ಹುಡುಕಿಕೊಂಡು ಬರುವುದು ತನ್ನ ಮನೆಯವರನ್ನೇ. ಅವನನ್ನು ತಡೆಯಲು ಗಸಗಸೆಯನ್ನೋ ಸಿರಿಧಾನ್ಯವನ್ನೋ ಚೆಲ್ಲುತ್ತಿದ್ದರು, ಒಂದೊಂದೇ ಕಾಳು ಎಣಿಸದೆ ಅವನು ಮುಂದೆ ಹೋಗಲಾರ. ಬಿಸಿಲಿಗೆ ಸಾಯುವುದು ಮಾತ್ರ 1922ರ ಜರ್ಮನ್ ಮೂಕಿಚಿತ್ರವೊಂದರಿಂದ ಬಂದದ್ದು.

ನಿಮ್ಮ ಬೆಸಿಲಿಸ್ಕಿಗೂ ಹೀಗೇ ಮಾಡಿ. ಒಣಭೂಮಿಯ ಜನ ನಿಜವಾಗಿ ಕಂಡದ್ದು ಏನು? ವೃತ್ತಾಕಾರದಲ್ಲಿ ಸುಟ್ಟ ಹುಲ್ಲು, ಸತ್ತ ಮೇಕೆ, ಸೀಳಿದ ಬಂಡೆ. ಈ ಮೂರನ್ನು ಮೂರು ಹಳ್ಳಿಗಳವರು ಮೂರು ಬಗೆಯಲ್ಲಿ ವಿವರಿಸಲಿ, ಅವರಲ್ಲಿ ಒಬ್ಬರದ್ದು ಮಾತ್ರ ಅರ್ಧ ಸರಿಯಿರಲಿ. ಜೀವಿ ಕಾಣಿಸಿಕೊಳ್ಳುವ ಮೊದಲೇ ಓದುಗ ಅದನ್ನು ಹುಡುಕುತ್ತಿರುತ್ತಾನೆ.

ಅರೆಬರೆ ನಕಾಶೆ:

ತುಂಬ ಉಪಯೋಗವಾಯ್ತು. ಗ್ರಿಫಿನ್ ಮೂಳೆಯ ಪ್ರಶ್ನೆ ಹಾಗೇ ಉಳಿಯಿತು. ಜೊತೆಗೆ, ಹಲವು ಪ್ರಾಣಿಗಳ ಅಂಗ ಸೇರಿಸಿ ನಾನೇ ಒಂದು ಜೀವಿ ಮಾಡಿದರೆ ನಗೆಪಾಟಲಾಗುತ್ತದೆಯೇ?

ಕಟ್ಟೆಪುರಾಣ:

ಗೋಬಿ ಮರುಭೂಮಿಯ ಪ್ರೊಟೊಸೆರಾಟಾಪ್ಸ್ ಎಂಬ ಡೈನೋಸಾರ್‌ಗೆ ನಾಲ್ಕು ಕಾಲು, ಕೊಕ್ಕಿನಂಥ ಬಾಯಿ. ಚಿನ್ನ ಹುಡುಕುವ ಅಲೆಮಾರಿಗಳು ಅದರ ಮೂಳೆ ಕಂಡು ಗ್ರಿಫಿನ್ ಕಲ್ಪಿಸಿದರು ಎಂಬುದು ವಾದ. ಚಿನ್ನ ಕಾಯುವ ಗ್ರಿಫಿನ್‌ಗಳ ಮಾತು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನಲ್ಲಿ ಇರುವುದರಿಂದ ಕೇಳಲು ಚೆನ್ನಾಗಿದೆ. ಆದರೆ 2024ರ ವಿಮರ್ಶಾ ಪ್ರಬಂಧವೊಂದು ಅದನ್ನು ಸರಿಯಾಗಿಯೇ ಅಲುಗಾಡಿಸಿತು. ಆ ಪಳೆಯುಳಿಕೆಗಳಿಗೂ ಪ್ರಾಚೀನ ಚಿನ್ನದ ನೆಲೆಗಳಿಗೂ ನಡುವೆ ನೂರಾರು ಕಿಲೋಮೀಟರ್ ಅಂತರ. ಅಸ್ಥಿಪಂಜರಗಳು ಬಹುಪಾಲು ಬಂಡೆಯಲ್ಲೇ ಹುದುಗಿರುತ್ತವೆ, ದಾರಿಹೋಕನಿಗೆ ಪೂರ್ತಿ ರೂಪ ಕಾಣುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಗ್ರಿಫಿನ್ ಚಿತ್ರಗಳು ಗ್ರೀಕರಿಗಿಂತ ಸಾವಿರಾರು ವರ್ಷ ಮೊದಲೇ ಈಜಿಪ್ಟ್, ಪಶ್ಚಿಮ ಏಷ್ಯಾಗಳಲ್ಲಿ ಸಿಗುತ್ತವೆ. ಆದ್ದರಿಂದ ಕಥೆಯೊಳಗಿನ ಪಂಡಿತನೊಬ್ಬನ ವಾದವಾಗಿ ಬಳಸಿ, ಮುನ್ನುಡಿಯಲ್ಲಿ ಸತ್ಯವೆಂದು ಬರೆಯಬೇಡಿ.

ಅಂಗ ಸೇರಿಸುವುದಕ್ಕೆ ನವಗುಂಜರಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಇಲ್ಲ. 15ನೇ ಶತಮಾನದ ಸರಳಾದಾಸನ ಒಡಿಯಾ ಮಹಾಭಾರತದಲ್ಲಿ ಬರುತ್ತದೆ: ಹುಂಜದ ತಲೆ, ನವಿಲಿನ ಕೊರಳು, ಗೂಳಿಯ ಹಿಣಿಲು, ಸಿಂಹದ ಸೊಂಟ, ಹಾವಿನ ಬಾಲ, ಒಂದೊಂದು ಕಾಲೂ ಬೇರೆ ಬೇರೆ ಪ್ರಾಣಿಯದು, ನಾಲ್ಕನೆಯದರ ಜಾಗದಲ್ಲಿ ಮನುಷ್ಯನ ಕೈ. ಬಿಲ್ಲೆತ್ತಿದ ಅರ್ಜುನ ಆ ಕೈಯನ್ನು ಕಂಡೇ ಇದು ಕೃಷ್ಣ ಎಂದು ಅರಿತು ಬಿಲ್ಲು ಇಳಿಸುತ್ತಾನೆ. ಉಳಿದೆಲ್ಲ ಅಂಗಗಳು ಬೆರಗಿಗೆ, ಕಥೆ ತಿರುಗುವುದು ಆ ಒಂದು ಕೈಯಿಂದ. ನಿಮ್ಮ ಜೀವಿಯಲ್ಲಿ ಅಂಥ ಅಂಗ ಯಾವುದೆಂದು ಗೊತ್ತಿದ್ದರೆ ಯಾರೂ ನಗುವುದಿಲ್ಲ.

ಓಲೆಗರಿ:

ಹುಡುಕುವ ದಾರಿ ಯಾರೂ ಹೇಳಲಿಲ್ಲ. ಸ್ಟಿತ್ ಥಾಂಪ್ಸನ್‌ನ ಜನಪದ ಆಶಯ ಸೂಚಿ, 1955-58ರ ಪರಿಷ್ಕೃತ ಆರು ಸಂಪುಟ, ಗ್ರಂಥಾಲಯದಲ್ಲಿ ಸಿಕ್ಕರೆ ಬಿಡಬೇಡಿ. ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಜೀವಿ, ಘಟನೆಗಳಿಗೆ ಅಕ್ಷರ, ಸಂಖ್ಯೆ ಕೊಟ್ಟು ಮಾಡಿದ ಪಟ್ಟಿ ಅದು. ಬಿ 11 ಡ್ರ್ಯಾಗನ್, ಇ 251 ರಕ್ತಪಿಶಾಚಿ, ಎಫ್ 420 ಜಲಾತ್ಮಗಳು. ಆದರೆ ಮೊದಲು ಓದಬೇಕಾದ್ದು ನಿಷೇಧಗಳ ‘ಸಿ’ ವಿಭಾಗ: 200ರಿಂದ ತಿನ್ನಬಾರದ್ದು, 300ರಿಂದ ನೋಡಬಾರದ್ದು, 400ರಿಂದ ಆಡಬಾರದ ಮಾತು, 500ರಿಂದ ಮುಟ್ಟಬಾರದ್ದು. ಕಟ್ಟೆಪುರಾಣ ಹೇಳಿದ ಎರಡನೇ ಸಾಲಿಗೆ, ಅಂದರೆ ‘ಯಾರು ಏನು ಮಾಡಿದರೆ ಮೇಲೆ ಬೀಳುತ್ತದೆ’ ಎಂಬುದಕ್ಕೆ, ಬೇಕಾದಷ್ಟು ಸರಕು ಅಲ್ಲಿದೆ.

ಒಂದು ಎಚ್ಚರ. ಪಂಜುರ್ಲಿಯಂತೆ ಇಂದಿಗೂ ಆರಾಧನೆ ಪಡೆಯುವ ದೈವಗಳನ್ನು ಕತ್ತಿಗೆ ಬೀಳುವ ಮೃಗವಾಗಿ ಬಳಸಬೇಡಿ, ಅವು ನಂಬುವವರ ನಡುವೆ ಬದುಕಿವೆ.

ಡ್ರ್ಯಾಗನ್ ಕೊಲ್ಲುವ ದೃಶ್ಯ ಬರೆಯುವುದಾದರೆ ಎಚ್ 105.1 ನೋಡಿ. ವೀರ ತಲೆಗಳನ್ನು ಬಿಟ್ಟು ನಾಲಿಗೆಗಳನ್ನಷ್ಟೇ ಕತ್ತರಿಸಿಕೊಂಡು ಹೋಗುತ್ತಾನೆ. ಹಿಂದೆ ಬಂದ ಮೋಸಗಾರ ತಲೆಗಳನ್ನು ಹೊತ್ತು ಅರಮನೆಗೆ ಹೋಗಿ ರಾಜಕುಮಾರಿಯನ್ನು ಕೇಳುತ್ತಾನೆ. ಮದುವೆಯ ದಿನ ವೀರ ಬಂದು, ‘ಬಾಯಿ ತೆಗೆಸಿ ನೋಡಿ’ ಎನ್ನುತ್ತಾನೆ. ಕೊಂದದ್ದಕ್ಕಿಂತ ಸಾಬೀತು ಮಾಡುವುದೇ ಅಲ್ಲಿ ಕಥೆ, ನಿಮ್ಮ 5 ಟನ್ ಹೆಣದ ಸುತ್ತಲೂ ಅಂಥ ಜಗಳಕ್ಕೆ ಜಾಗ ಧಾರಾಳವಾಗಿದೆ.