ಸಂಗೀತ ಮೇಡಂಗೆ ಕೇಳಿ: ಮಕ್ಕಳು ಪಾಠ ಬೇಡ ಅಂದಾಗ

ಶಿವಮೊಗ್ಗದ ತಾಯಿ: ನಮಸ್ತೆ ಮೇಡಂ. ಮಗನಿಗೆ 14 ವರ್ಷ. ಹಾಡುಗಾರಿಕೆಯಲ್ಲಿ ಜೂನಿಯರ್ ಪರೀಕ್ಷೆ ಮುಗಿಸಿದ್ದಾನೆ. ಈಗ ಪಾಠದ ದಿನ ಬಂದರೆ ಹೊಟ್ಟೆನೋವು ಅಂತಾನೆ. ಮೋಹನ ರಾಗದ ವರ್ಣ ಹಾಡುವಾಗ ತಾರ ಷಡ್ಜಕ್ಕೆ, ಅಂದರೆ ಮೇಲಿನ ‘ಸ’ಗೆ ಹೋದರೆ ಧ್ವನಿ ಒಡೆಯುತ್ತದೆ, ಜೊತೆಯ ಮಕ್ಕಳು ನಗ್ತಾರೆ. ಮೇಷ್ಟ್ರು ಸಾಧನೆ ಸಾಲದು ಅಂತ ಅದೇ ಸಾಲನ್ನು ಮತ್ತೆ ಮತ್ತೆ ಹಾಡಿಸ್ತಾರೆ. ಸೋಮಾರಿತನವಾ ಇದು?

ಸಂಗೀತ ಮೇಡಂ: ಶ್ರುತಿ, ಅಂದರೆ ಅವನು ‘ಸ’ ಹಿಡಿಯೋ ಎತ್ತರ, ಎಷ್ಟು?

ಶಿವಮೊಗ್ಗದ ತಾಯಿ: ಚಿಕ್ಕವನಿದ್ದಾಗಿಂದ ಐದೇ.

ಸಂಗೀತ ಮೇಡಂ: ಸೋಮಾರಿತನ ಅಲ್ಲಮ್ಮ. ಕಂಠ ಒಡೆಯೋ ವಯಸ್ಸು ಅದು. ಗಂಟಲಿನ ಗೂಡು ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ಹುಡುಗರ ಧ್ವನಿ ಸುಮಾರು ಒಂದು ಸ್ಥಾಯಿ, ಅಂದರೆ ಒಂದು ‘ಸ’ದಿಂದ ಇನ್ನೊಂದು ‘ಸ’ದಷ್ಟು, ಕೆಳಗಿಳಿಯುತ್ತದೆ. ಗಂಡಸರು ಹೆಚ್ಚಾಗಿ ಐದಕ್ಕಿಂತ ಕೆಳಗೆ, ಒಂದರಿಂದ ಎರಡರ ಶ್ರುತಿಯಲ್ಲಿ ಹಾಡ್ತಾರೆ. ಇವನನ್ನು ಐದರಲ್ಲೇ ಕೂರಿಸಿದರೆ ಗಂಟಲು ಬಿಗಿಯುತ್ತದೆ, ನಾಚಿಕೆ ಬೇರೆ. ಹೊಟ್ಟೆನೋವು ಯಾಕೆ ಅಂತ ನನಗೆ ಅರ್ಥ ಆಗುತ್ತೆ.

ಮೇಷ್ಟ್ರ ಹತ್ತಿರ ನೀವೇ ಮಾತಾಡಿ. ಮಧ್ಯ ಷಡ್ಜದಿಂದ ಪಂಚಮದವರೆಗೆ (ನಡುವಿನ ‘ಸ’ದಿಂದ ‘ಪ’ವರೆಗೆ) ಆರಾಮಾಗಿ ಬರುವಷ್ಟು ಶ್ರುತಿ ಇಳಿಸಲಿ. ಇವತ್ತಿನದು ಮುಂದಿನ ತಿಂಗಳಿಗೆ ಹೊಂದದೇ ಇರಬಹುದು, ಆಗ ಮತ್ತೆ ಬದಲಿಸಬೇಕು. ಒಂದಷ್ಟು ದಿನ ತಾರ ಸ್ಥಾಯಿ ಬೇಡ. ಮೊದಲು ಕಲಿತ ಸರಳೆ, ಜಂಟಿ ವರಸೆಯ ಪಾಠಗಳನ್ನು ಮೆಲ್ಲಗೆ, ಇಪ್ಪತ್ತು ನಿಮಿಷ ಹಾಡಲಿ, ಸಾಕು. ಉಳಿದ ಹೊತ್ತು ತಾಳ ಹಾಕಿಕೊಂಡು ಕೊನ್ನಕೋಲು, ಅಂದರೆ ಬಾಯಲ್ಲೇ ಲಯದ ಸೊಲ್ಲು, ಹೇಳಲಿ, ಕಛೇರಿ ಕೇಳಿ ರಾಗ ಗುರುತಿಸಲಿ. ಮೃದಂಗದ ಆಸೆ ಇದ್ದರೆ ಕಳಿಸಿ. ಹಾಡದೆಯೂ ಸಂಗೀತದೊಳಗೆ ಇರಬಹುದು ಅಂತ ಅವನಿಗೆ ಗೊತ್ತಾಗಬೇಕು.

ಮೈಸೂರಿನ ತಂದೆ: ಮಗಳು ಹತ್ತನೇ ಕ್ಲಾಸು. ವೀಣೆ ಒಂದು ವರ್ಷ ನಿಲ್ಲಿಸಲಾ?

ಸಂಗೀತ ಮೇಡಂ: ಪೂರ್ತಿ ನಿಲ್ಲಿಸಬೇಡಿ. ವಾರಕ್ಕೊಂದು ಪಾಠ ಇರಲಿ.

ಹಾಸನದ ಸದಸ್ಯೆ: ನಮ್ಮವಳದೂ ಹತ್ತನೇ ಕ್ಲಾಸು. ಏನು ಮಾಡಲಿ?

ಸಂಗೀತ ಮೇಡಂ: ಮೇಲೆ ಹೇಳಿದ್ದೇನೆ.

ದಾವಣಗೆರೆಯ ಸದಸ್ಯ: ಒಡೆದ ಧ್ವನಿಗೆ ಬಜೆ, ಕಾಳುಮೆಣಸು, ಜೇನು. ಬೆಳಿಗ್ಗೆ ನಾಲ್ಕಕ್ಕೆ ಕುತ್ತಿಗೆವರೆಗೆ ನೀರಲ್ಲಿ ನಿಂತು ‘ಆ’ ಅಂತ ಅಕಾರ ಸಾಧನೆ. ಫಾರ್ವರ್ಡ್ ಬಂದಿತ್ತು, ಎಲ್ಲರೂ ಹಂಚಿ.

ಸಂಗೀತ ಮೇಡಂ: ಹಂಚಬೇಡಿ. ಬೆಳೆಯುವುದು ಕಾಯಿಲೆಯಲ್ಲ, ಅದಕ್ಕೆ ಔಷಧಿ ಬೇಕಿಲ್ಲ. ಒಡೆದ ಗಂಟಲಲ್ಲಿ ಕಿರುಚಿ ಸಾಧನೆ ಮಾಡಿಸಿದರೆ ಪೆಟ್ಟಾಗುತ್ತದೆ. ನೋವಿದ್ದರೆ, ಅಥವಾ ಗೊಗ್ಗರು ಧ್ವನಿ 3 ವಾರ ದಾಟಿದರೆ ಕಿವಿ ಮೂಗು ಗಂಟಲು ಡಾಕ್ಟರ ಹತ್ತಿರ ಹೋಗಿ.

ದಾವಣಗೆರೆಯ ಸದಸ್ಯ: ನಮ್ಮ ಹಿರಿಯರೇನು ದಡ್ಡರಾ?

ಬೆಂಗಳೂರಿನ ಸದಸ್ಯ: ಅದೆಲ್ಲ ಬಿಡಿ. ಸಿನಿಮಾ ಹಾಡು ಹಾಡೋಕೆ ಬಿಟ್ಟರೆ ಹುಡುಗ ತಾನಾಗೇ ಹಾಡ್ತಾನೆ.

ಹಾಸನದ ಸದಸ್ಯೆ: ಹಾಗೆ ಬಿಟ್ಟೇ ನಮ್ಮವಳು ಸ್ವರವನ್ನು ತೂಗಿಸಿ ಹಾಡೋ ಗಮಕ ಮರೆತಳು.

ಬೆಂಗಳೂರಿನ ಸದಸ್ಯ: ಗಮಕ ಗಮಕ ಅಂತ ತಲೆ ತಿಂದರೆ ಮರೆಯದೆ ಇನ್ನೇನು?

ಹಾಸನದ ಸದಸ್ಯೆ: ನಿಮ್ಮ ಮಗ ಎಷ್ಟು ಕಲಿತಿದ್ದಾನೆ ಹೇಳಿ ನೋಡೋಣ.

ಡಬ್ಲಿನ್‌ನ ಸದಸ್ಯೆ: ಇಲ್ಲಿಂದ ಆನ್‌ಲೈನ್ ಪಾಠಕ್ಕೆ ಯಾವ ಹೊತ್ತು ಒಳ್ಳೇದು?

ಬೆಂಗಳೂರಿನ ಸದಸ್ಯ: ನನ್ನ ಮಗನ ವಿಷಯ ನಿಮಗ್ಯಾಕ್ರೀ?

ಸಂಗೀತ ಮೇಡಂ: ಇಬ್ಬರೂ ನಿಲ್ಲಿಸಿ. ಸಿನಿಮಾ ಹಾಡಾದರೂ ಅವನ ಶ್ರುತಿಗೇ ಇಳಿಸಬೇಕು. ಅದನ್ನು ಬಿಟ್ಟು ಎಲ್ಲ ಮಾತಾಡ್ತಿದ್ದೀರಿ.

ಶಿವಮೊಗ್ಗದ ತಾಯಿ: ಮೇಡಂ, ಸೀನಿಯರ್ ಪರೀಕ್ಷೆಗೆ ಫೀಸು ಕಟ್ಟಿ ಆಗಿದೆ.

ಸಂಗೀತ ಮೇಡಂ: ಹೋದರೆ ಹೋಗಲಿ ಆ ದುಡ್ಡು. ಈ ವರ್ಷ ಕೂರಿಸಬೇಡಿ. ಇವತ್ತೇ ಅವನಿಗೆ ಹೇಳಿ, ಪಾಠದ ದಿನದವರೆಗೆ ಕಾಯಬೇಡಿ.