ಕಾಳಜಿ ಕೇಂದ್ರದಲ್ಲಿ ಹೆರಿಗೆ ನೋವು ಬಂದರೆ?

ಪ್ರಶ್ನೆ:
2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿಯ ನೀರು ಊರೊಳಗೆ ನುಗ್ಗಿದಾಗ ನಾವೆಲ್ಲ ಶಾಲೆಯ ಕೋಣೆಗಳಲ್ಲಿದ್ದ ಕಾಳಜಿ ಕೇಂದ್ರದಲ್ಲಿ ಆಶ್ರಯ ಪಡೆದಿದ್ದೆವು. ಅಕ್ಕಿ, ಹೊದಿಕೆ, ಬಿಸ್ಕತ್ತುಗಳು ಬೇಕಾದಷ್ಟು ಬಂದವು. ಆದರೆ ನಡುರಾತ್ರಿ ಒಬ್ಬ ಗರ್ಭಿಣಿಗೆ ನೋವು ಕಾಣಿಸಿಕೊಂಡಾಗ ಒಂದು ಹೊಸ ಬ್ಲೇಡ್ ಕೂಡ ಸಿಗಲಿಲ್ಲ. ಈ ಮಳೆಗಾಲಕ್ಕೆ ಮುನ್ನ ನಮ್ಮ ಯುವಕ ಸಂಘದವರು ಏನೇನು ಸಿದ್ಧವಿಟ್ಟುಕೊಳ್ಳಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ನಿವೃತ್ತ ನರ್ಸ್):
ಸಾಮಾನು ಕೊಳ್ಳುವ ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕಾಣಿರಿ. ಯಾರಿಗೆ ಎಷ್ಟು ತಿಂಗಳು ಎಂಬ ಲೆಕ್ಕ ಅವರಲ್ಲಿ ಇದ್ದೇ ಇರುತ್ತದೆ. ದಿನ ತುಂಬುತ್ತಿರುವವರನ್ನು, ರಸ್ತೆ ಮುಳುಗುವವರೆಗೆ ಕಾಯದೆ, ಹೆರಿಗೆ ಸೌಲಭ್ಯವಿರುವ ಆಸ್ಪತ್ರೆಯ ಸಮೀಪಕ್ಕೆ ಕಳುಹಿಸುವುದು ಯಾವ ಕಿಟ್‌ಗಿಂತಲೂ ದೊಡ್ಡ ಸಹಾಯ. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೊತೆಗೆ ಒಯ್ಯಲು ತಿಳಿಸಿ. ಹಾಗಿದ್ದೂ ಕೇಂದ್ರದಲ್ಲೇ ಹೆರಿಗೆಯಾಗುವ ಪ್ರಸಂಗ ಬಂದರೆ ಸಾಬೂನು, ಹಾಸಲು ಪ್ಲಾಸ್ಟಿಕ್ ಹಾಳೆ, ಹೊಸ ಬ್ಲೇಡ್, ಹೊಕ್ಕುಳಬಳ್ಳಿ ಕಟ್ಟಲು ಶುದ್ಧವಾದ ದಾರ, ಕೈಗವಸು, ಮಗುವನ್ನು ಒರೆಸಿ ಸುತ್ತಲು ಎರಡು ಒಣ ಬಟ್ಟೆ ಬೇಕಾಗುತ್ತವೆ. ಆದರೆ ರಕ್ತಸ್ರಾವ ಈ ಕಿಟ್‌ನಿಂದ ನಿಲ್ಲುವುದಿಲ್ಲ; ದೋಣಿ ಯಾರದು, ದಡದಲ್ಲಿ ವಾಹನ ಯಾರದು ಎಂಬುದು ಮೊದಲೇ ನಿಶ್ಚಯವಾಗಿರಲಿ. ಗರ್ಭ ನಿಲ್ಲದಂತೆ ನುಂಗುವ ಮಾಲಾ-ಎನ್ ಮಾತ್ರೆಯನ್ನು ಮನೆಯಲ್ಲೇ ಬಿಟ್ಟು ಬಂದವರು, ಅದಕ್ಕಾಗಿಯೇ ಪಡೆಯುವ ಅಂತರಾ ಚುಚ್ಚುಮದ್ದಿನ ದಿನ ಸಮೀಪಿಸಿದವರು ಬಾಯಿಬಿಟ್ಟು ಕೇಳುವುದಿಲ್ಲ, ನಾವೇ ವಿಚಾರಿಸಬೇಕು.

ಉತ್ತರ 2:
ಯುದ್ಧ ಮತ್ತು ವಿಪತ್ತುಗಳಿಗೆಂದು ಅಂತರರಾಷ್ಟ್ರೀಯ ಸಂಸ್ಥೆಗಳು ರೂಪಿಸಿರುವ ಕನಿಷ್ಠ ಆರಂಭಿಕ ಸೇವೆಗಳಲ್ಲಿ, ಸಾಧ್ಯವಾದಷ್ಟೂ 48 ಗಂಟೆಗಳೊಳಗೆ ಆರಂಭವಾಗಬೇಕಾದವುಗಳಲ್ಲಿ, ಹೆರಿಗೆಯಷ್ಟೇ ಅಲ್ಲ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಚಿಕಿತ್ಸೆಯೂ ಸೇರಿದೆ. ದೌರ್ಜನ್ಯ ನಡೆದ ಮೇಲೆ ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ, ತುರ್ತು ಗರ್ಭನಿರೋಧಕವನ್ನು 120 ಗಂಟೆಗಳೊಳಗೆ ಆರಂಭಿಸಬೇಕು, ಎರಡೂ ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕೆಂಬುದು ನಮ್ಮ ಕಾನೂನು. ಬಹಳ ಜನರಿಗೆ ತಿಳಿಯದ ಮತ್ತೊಂದು ಸಂಗತಿಯಿದೆ: ಗರ್ಭಪಾತ ಕಾನೂನಿನ 2021ರ ನಿಯಮಗಳ ಪ್ರಕಾರ, ಸರ್ಕಾರ ಘೋಷಿಸಿದ ವಿಪತ್ತಿನಲ್ಲಿ ಸಿಲುಕಿದ ಮಹಿಳೆಯರು ಇಬ್ಬರು ವೈದ್ಯರ ಅಭಿಪ್ರಾಯ ಪಡೆದು 24 ವಾರಗಳವರೆಗೆ ಗರ್ಭಪಾತ ಮಾಡಿಸಿಕೊಳ್ಳಬಹುದು.

ಉತ್ತರ 3:
ಶೌಚಾಲಯಕ್ಕೆ ಒಳಗಿನಿಂದ ಚಿಲಕ, ದಾರಿಗೆ ದೀಪ, ಇವೆರಡನ್ನು ಮರೆಯಬೇಡಿ. ನಮ್ಮ ಕೇಂದ್ರದಲ್ಲಿ ಕತ್ತಲಿಗೆ ಅಂಜಿ ಹೆಂಗಸರು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದರು. ಪ್ಯಾಡ್‌ಗಳ ಪೆಟ್ಟಿಗೆಯನ್ನು ಹುಡುಗರು ಅಂಗಳದಲ್ಲಿಟ್ಟು ಹೆಸರು ಕೂಗಿದ್ದರಿಂದ ಒಬ್ಬರೂ ಮುಂದೆ ಬರಲಿಲ್ಲ. ಮರುದಿನ ಅದನ್ನೇ ಸ್ತ್ರೀಶಕ್ತಿ ಸಂಘದ ಅಕ್ಕಂದಿರ ಕೈಗೆ ಕೊಟ್ಟೆವು, ಮಧ್ಯಾಹ್ನದೊಳಗೆ ಪೆಟ್ಟಿಗೆ ಖಾಲಿಯಾಗಿತ್ತು.